ದೆವ್ವ ಹಿಡಿಯುವವನನ್ನೇ ಹೆದರಿಸಿದ ಗುಮ್ಮ



ಈ ವಾರ ದೆವ್ವದ ವಿಷಯ. ರಾತ್ರಿ ಓದುವವರು ಬೇಕಾದರೆ ದೀಪ ಹಾಕಿಕೊಂಡು ಓದಿ, ತಪ್ಪೇನಿಲ್ಲ. ದೀಪ ಹಾಕಿಕೊಳ್ಳುವವರ ಪೈಕಿ ನಾನೂ ಒಬ್ಬ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ದಸರಾ ರಜೆಗೆ ಮೊಮ್ಮಗ ಮೈಸೂರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಮೂರನೇ ಕ್ಲಾಸು. ಮನೆಯಲ್ಲಿ ಎಲ್ಲರಿಗೂ ಅವನು ಪುಟ್ಟ. ಹಗಲು ಹೊತ್ತು ಹುಲಿ. ಮಹಡಿ ಮೆಟ್ಟಿಲಿನ ಕಂಬಿ ಮೇಲೆ ಜಾರುತ್ತಾನೆ, ಸೀಬೆ ಮರ ಹತ್ತುತ್ತಾನೆ, ಬೀದಿ ನಾಯಿಯನ್ನು ತಬ್ಬಿಕೊಂಡು ಒಳಗೆ ಕರೆತರುತ್ತಾನೆ. ಕತ್ತಲಾಯಿತೋ, ಹುಲಿ ಇಲಿಯಾಗುತ್ತಿತ್ತು.

ನಮ್ಮದು ಹಳೇ ಮನೆ. ಬಚ್ಚಲು ಹಿಂದುಗಡೆ ಇದೆ. ಅಲ್ಲಿಗೆ ಹೋಗಬೇಕಾದರೆ ಉಗ್ರಾಣದ ಮುಂದೆ ಹಾದು ಹೋಗಬೇಕು. ಉಗ್ರಾಣದ ಬಾಗಿಲು ಮಳೆಗಾಲದಲ್ಲಿ ಉಬ್ಬಿದ್ದು ಮತ್ತೆ ಸರಿಯಾಗಿಲ್ಲ, ಎಷ್ಟು ಎಳೆದರೂ ಒಂದು ಅಂಗುಲ ಸಂದು ಉಳಿಯುತ್ತದೆ. ಆ ಒಂದು ಅಂಗುಲವೇ ಪುಟ್ಟನ ತೊಂದರೆ. ರಾತ್ರಿ ಎರಡು ಗಂಟೆಗೆ ನನ್ನ ಮಂಚದ ಪಕ್ಕ ಬಂದು ನಿಂತು, “ತಾತಾ, ತಾತಾ” ಎಂದು ಪಿಸುಗುಡುತ್ತಿದ್ದ. ಬಚ್ಚಲಿಗೆ ಜೊತೆಗೆ ಹೋಗಬೇಕು. ಹೋಗುವಾಗ ನಾನು ಉಗ್ರಾಣದ ಕಡೆ, ಅವನು ಗೋಡೆಯ ಕಡೆ. ಹಿಂದಿರುಗುವಾಗಲೂ ಅದೇ ಏರ್ಪಾಡು.

“ಅಲ್ಲಿ ಏನಿದೆಯೋ?” ಎಂದು ಕೇಳಿದೆ.

“ಬೂಗಿಮ್ಯಾನ್.”

“ಹಾಗಂದರೆ ಯಾರು?”

“ನಿನಗೆ ಗೊತ್ತಾಗಲ್ಲ ಬಿಡು ತಾತ. ದೆವ್ವ ಹಿಡಿಯೋ ಈಗನ್‌ಗೇ ಅವನನ್ನ ಕಂಡರೆ ಭಯ.”

ಮಗಳಿಗೆ ಫೋನ್ ಮಾಡಿ ಕೇಳಿದೆ. “ಅಪ್ಪಾ, ಅದು ಯಾವುದೋ ಹಳೇ ಕಾರ್ಟೂನ್. ಮೊಬೈಲ್‌ನಲ್ಲಿ ನೋಡಿದಾನೆ. ಅವತ್ತಿನಿಂದ ಹೀಗೇ. ನೀವು ಅದನ್ನ ನೋಡೋಕೆ ಬಿಡಬೇಡಿ” ಎಂದಳು. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾಗದಿದ್ದರೆ ಪುಸ್ತಕ ಮುಚ್ಚುವುದು ನಮ್ಮ ಪದ್ಧತಿಯಲ್ಲ. ತಪ್ಪು ಎಲ್ಲಿದೆ ಎಂದು ಮೊದಲಿನಿಂದ ನೋಡಿಕೊಂಡು ಬರಬೇಕು. ಹಾಗಾಗಿ ಪುಟ್ಟನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡುಹಗಲಲ್ಲಿ, ಚಕ್ಕುಲಿ ಡಬ್ಬಿ ಮುಂದಿಟ್ಟುಕೊಂಡು ಆ ಕಾರ್ಟೂನನ್ನು ನಾನೂ ನೋಡಿದೆ.

ಅದರ ಹೆಸರು ‘ದಿ ರಿಯಲ್ ಘೋಸ್ಟ್‌ಬಸ್ಟರ್ಸ್’. ಅಜ್ಜ ಅಜ್ಜಿಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಮಕ್ಕಳಿಗೆ ಗೊತ್ತಿದ್ದರೆ ತಾಳ್ಮೆಯಿರಲಿ.

1984ರಲ್ಲಿ ಅಮೆರಿಕದಲ್ಲಿ ‘ಘೋಸ್ಟ್‌ಬಸ್ಟರ್ಸ್’ ಎಂಬ ಸಿನಿಮಾ ಬಂತು. ದೆವ್ವ ಹಿಡಿಯುವುದನ್ನೇ ಕಸುಬು ಮಾಡಿಕೊಂಡ ನಾಲ್ಕು ಜನರ ಕಥೆ. ಮನೆಯಲ್ಲಿ ನಲ್ಲಿ ಕೆಟ್ಟರೆ ನಲ್ಲಿ ರಿಪೇರಿಯವನಿಗೆ ಫೋನ್ ಮಾಡುತ್ತೇವಲ್ಲ, ಹಾಗೆ ನ್ಯೂಯಾರ್ಕಿನ ಜನ ದೆವ್ವ ಕಂಡರೆ ಇವರಿಗೆ ಫೋನ್ ಮಾಡುತ್ತಾರೆ. ಇವರ ಆಫೀಸು ಒಂದು ಹಳೇ ಅಗ್ನಿಶಾಮಕ ಠಾಣೆ. ಸಿನಿಮಾದಲ್ಲಿ ಹೊರಗಿನಿಂದ ಕಾಣುವ ಆ ಕಟ್ಟಡ ನ್ಯೂಯಾರ್ಕಿನಲ್ಲಿ ನಿಜಕ್ಕೂ ಇದೆ, ನಿಜವಾದ ಅಗ್ನಿಶಾಮಕ ಠಾಣೆಯೇ. ಸಿನಿಮಾ ಮೆಚ್ಚಿದವರು ಇವತ್ತಿಗೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇವರ ಗಾಡಿ 1959ರ ಮಾದರಿಯ ಕ್ಯಾಡಿಲಾಕ್. ಬೆನ್ನ ಮೇಲೆ ಒಂದು ಯಂತ್ರ, ಕೈಯಲ್ಲಿ ಅದರ ನಳಿಕೆ. ನೋಡಿದರೆ ನಮ್ಮ ಕಡೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವವರ ನೆನಪಾಗುತ್ತದೆ.

ಸಿನಿಮಾ ಭರ್ಜರಿಯಾಗಿ ಓಡಿತು. 1986ರಲ್ಲಿ ಅದನ್ನೇ ಕಾರ್ಟೂನ್ ಮಾಡಿದರು. ಹೆಸರಿನ ಹಿಂದೆ ‘ರಿಯಲ್’ ಅಂದರೆ ‘ಅಸಲಿ’ ಎಂದು ಯಾಕೆ ಸೇರಿಸಿದರು ಗೊತ್ತೇ? 1975ರಲ್ಲೇ ಫಿಲ್ಮೇಷನ್ ಎಂಬ ಕಂಪನಿ ‘ದಿ ಘೋಸ್ಟ್ ಬಸ್ಟರ್ಸ್’ ಎಂಬ ಟೀವಿ ಧಾರಾವಾಹಿ ಮಾಡಿತ್ತು. ಅದರಲ್ಲಿ ಇಬ್ಬರು ಮನುಷ್ಯರು, ಒಂದು ಗೊರಿಲ್ಲಾ! 1986ರಲ್ಲಿ ಆ ಕಂಪನಿಯೂ ತನ್ನ ಹಳೇ ಹೆಸರಿನಲ್ಲಿ ಒಂದು ಕಾರ್ಟೂನ್ ತಂದಿತು. ಒಂದೇ ವರ್ಷ ಎರಡೂ ಬಂದವು. ನಮ್ಮೂರಿನ ಮಿಠಾಯಿ ಅಂಗಡಿಗಳ ಬೋರ್ಡಿನಲ್ಲಿ ‘ಅಸಲಿ’, ‘ಒರಿಜಿನಲ್’ ಎಂದು ಬರೆಸುತ್ತಾರಲ್ಲ, ಅದೇ ಕಥೆ.

ತಂಡದಲ್ಲಿ ನಾಲ್ವರು. ಪೀಟರ್ ಮಾತಿನ ಮಲ್ಲ. ರೇ ಎಲ್ಲವನ್ನೂ ನಂಬುವ ಮಗುವಿನಂಥವನು. ವಿನ್‌ಸ್ಟನ್ ಬೇರೆ ಮೂವರ ಹಾಗೆ ಪ್ರೊಫೆಸರ್ ಅಲ್ಲ, ಸಂಬಳಕ್ಕೆಂದು ಕೆಲಸಕ್ಕೆ ಸೇರಿದವನು. ಬ್ಯಾಂಕಿನವನಾದ ನನಗೆ ಇವನು ಬಹಳ ಹಿಡಿಸಿದ. ನಾಲ್ಕನೆಯವನೇ ಈಗನ್. ಕೆಂಪು ಕನ್ನಡಕ, ಹಣೆಯ ಮೇಲೆ ಸುರುಳಿ ಸುತ್ತಿದ ಹೊಂಬಣ್ಣದ ಕೂದಲು. ಮಹಾ ವಿಜ್ಞಾನಿ. ನಗುವುದಿಲ್ಲ, ಅಳುವುದಿಲ್ಲ, ಮಹಡಿ ಎತ್ತರದ ದೆವ್ವ ಎದುರಿಗೆ ನಿಂತರೂ ಮೀಟರ್ ಹಿಡಿದು ಅಳತೆ ತೆಗೆದುಕೊಳ್ಳುವವನು. ಇವರ ಠಾಣೆಯಲ್ಲೇ ವಾಸವಾಗಿರುವ ಸ್ಲೈಮರ್ ಎಂಬ ಹಸಿರು ದೆವ್ವವೊಂದಿದೆ. ಸಿಕ್ಕಿದ್ದೆಲ್ಲ ತಿನ್ನುತ್ತದೆ. ತಾನೇ ದೆವ್ವ, ಆದರೂ ಬೇರೆ ದೆವ್ವ ಬಂದರೆ ಯಾರದಾದರೂ ಬೆನ್ನ ಹಿಂದೆ ಅವಿತುಕೊಳ್ಳುವ ಪುಕ್ಕಲು. ಪುಟ್ಟನಿಗೆ ಸ್ಲೈಮರ್ ಎಂದರೆ ಪ್ರಾಣ.

ಇನ್ನು ಆ ಕಂತಿಗೆ ಬರೋಣ. ಅದರ ಹೆಸರು ‘ದಿ ಬೂಗಿಮ್ಯಾನ್ ಕಮೆತ್’. ಬರೆದವರು ಮೈಕೆಲ್ ರೀವ್ಸ್. ಒಂದು ಮನೆಯ ಅಕ್ಕ ತಮ್ಮ ದೆವ್ವ ಹಿಡಿಯುವವರ ಹತ್ತಿರ ಬರುತ್ತಾರೆ. ರಾತ್ರಿಯಾದರೆ ಬಟ್ಟೆ ಬೀರುವಿನ ಬಾಗಿಲು ತೆರೆದುಕೊಂಡು ಬೂಗಿಮ್ಯಾನ್ ಬರುತ್ತಾನೆ, ನಮ್ಮನ್ನು ಕಾಪಾಡಿ ಎನ್ನುತ್ತಾರೆ. ಇಂಥ ಮಾತನ್ನು ದೊಡ್ಡವರು ನಂಬುವುದುಂಟೇ? ಆದರೆ ಆ ಹೆಸರು ಕಿವಿಗೆ ಬಿದ್ದದ್ದೇ, ಯಾವುದಕ್ಕೂ ಜಗ್ಗದ ಈಗನ್ ಅಳುಕಿಬಿಡುತ್ತಾನೆ. ಯಾಕೆಂದರೆ ಅವನು ಚಿಕ್ಕವನಿದ್ದಾಗ ಅದೇ ಬೂಗಿಮ್ಯಾನ್ ಅವನ ಕೋಣೆಗೂ ಬರುತ್ತಿದ್ದ. ಅವನು ದೆವ್ವಗಳ ವಿಜ್ಞಾನ ಕಲಿಯಲು ಹೊರಟದ್ದಕ್ಕೆ ಕಾರಣವೇ ಆ ಹೆದರಿಕೆ.

ಈ ಜಾಗ ಬಂದಾಗ ನಾನು ಚಕ್ಕುಲಿ ಕೆಳಗಿಟ್ಟೆ.

ಯಾಕೆಂದರೆ ಈ ಬೂಗಿಮ್ಯಾನ್ ಯಾರೆಂದು ನನಗೆ ಗೊತ್ತಾಯಿತು. ದೊಡ್ಡ ತಲೆ, ಗೊರಸಿನ ಕಾಲು, ಮಕ್ಕಳ ಹೆದರಿಕೆಯೇ ಅವನಿಗೆ ಊಟ. ಹೆದರಿದಷ್ಟೂ ಬಲಿಯುತ್ತಾನೆ. ಅವನ ಲೋಕದ ತುಂಬ ಬಾಗಿಲುಗಳು, ಒಂದೊಂದು ಬಾಗಿಲೂ ಒಂದೊಂದು ಮಗುವಿನ ಬೀರುವಿಗೆ ತೆರೆದುಕೊಳ್ಳುತ್ತದೆ. ಇವನು ನಮ್ಮ ಗುಮ್ಮ! ಕೋಟು ಹಾಕಿಕೊಂಡು ನ್ಯೂಯಾರ್ಕಿನಲ್ಲಿದ್ದಾನೆ ಅಷ್ಟೆ.

“ಪುಟ್ಟಾ, ಇವನು ನನಗೂ ಗೊತ್ತು ಕಣೋ” ಎಂದೆ. ಅವನು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದ.

ನಾನು ಹುಟ್ಟಿ ಬೆಳೆದದ್ದು ಅರಕಲಗೂಡು ಸೀಮೆಯ ಒಂದು ಹಳ್ಳಿ. ಕರೆಂಟು ಇರಲಿಲ್ಲ. ನಮ್ಮ ಮನೆಯಲ್ಲಿ ಗುಮ್ಮ ಇದ್ದದ್ದು ಅಟ್ಟದ ಮೇಲೆ. ಅದು ಸೋದರತ್ತೆಯ ಅಪ್ಪಣೆಯ ಮೇರೆಗೆ ಕೆಲಸ ಮಾಡುತ್ತಿತ್ತು. ಊಟಕ್ಕೆ ಹಟ ಮಾಡಿದರೆ ಅತ್ತೆ ಅಟ್ಟದ ಕಡೆ ತಿರುಗಿ, “ಗುಮ್ಮಾ, ಬಾರೋ” ಎನ್ನುವಳು. ಅಷ್ಟೊತ್ತಿಗೆ ಅಟ್ಟದ ಮೇಲೆ ಇಲಿ ಓಡಿದರೆ ಮುಗಿಯಿತು, ಮೂರು ತುತ್ತು ಒಟ್ಟಿಗೆ ಒಳಗೆ ಹೋಗುತ್ತಿತ್ತು. ಅತ್ತೆಗೆ ನನ್ನ ಮೇಲೆ ಪ್ರೀತಿ ಕಡಿಮೆ ಇತ್ತೆಂದಲ್ಲ. ಹತ್ತು ಜನರ ಮನೆ, ಸೌದೆ ಒಲೆ, ಅವಳಿಗಿದ್ದ ಆಳೆಂದರೆ ಆ ಗುಮ್ಮ ಒಬ್ಬನೇ.

ನಮ್ಮಲ್ಲಿ ಗುಮ್ಮ ಎಷ್ಟು ಹಳಬನೆಂದರೆ ಪುರಂದರದಾಸರ ಕಾಲಕ್ಕೇ ಅವನಿಗೆ ಹೆಸರಿತ್ತು. ಬಾಲಕೃಷ್ಣ ಯಶೋದೆಯ ಮುಂದೆ ನಿಂತು, ಗುಮ್ಮನನ್ನು ಮಾತ್ರ ಕರೆಯಬೇಡವೆಂದು ಬೇಡಿಕೊಳ್ಳುವ ದಾಸರ ಪದವನ್ನು ನೀವು ಕೇಳಿರುತ್ತೀರಿ. ಸಂಗೀತ ಪಾಠದಲ್ಲೂ ಕಲಿಸುತ್ತಾರೆ. ಪೂತನಿಗೆ ಹೆದರದವನು, ಕಾಳಿಂಗನ ಹೆಡೆಯ ಮೇಲೆ ಕುಣಿದವನು, ಗುಮ್ಮನ ಹೆಸರು ಕೇಳಿ ಊಟ ಮಾಡುತ್ತೇನೆ, ಅಳುವುದಿಲ್ಲ ಎಂದು ಮಾತು ಕೊಡುತ್ತಾನೆ. ದೆವ್ವ ಹಿಡಿಯುವ ಈಗನ್ ಹೆದರಿದ್ದರಲ್ಲಿ ಏನು ಆಶ್ಚರ್ಯ? ಇಲ್ಲಿ ದೇವರೇ ಹೆದರಿದ್ದಾನೆ! ಪುಟ್ಟನಿಗೆ ಇದು ಬಹಳ ಸಮಾಧಾನ ಕೊಟ್ಟಿತು. “ಕೃಷ್ಣನೂ ಹೆದರಿದ್ನಾ? ಹಾಗಾದರೆ ಪರವಾಗಿಲ್ಲ” ಎಂದ.

ದೊಡ್ಡವರು ಮಾತ್ರ ಹೆದರುವುದಿಲ್ಲವೇ? 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು, ಅಜ್ಜ ಅಜ್ಜಿಯರಿಗೆ ನೆನಪಿರಬೇಕು. ರಾತ್ರಿ ದೆವ್ವ ಬಂದು ಗೊತ್ತಿದ್ದವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ಸು ಹೋಗುತ್ತದೆ, ಮಾರನೇ ದಿನವೂ ಅದನ್ನೇ ಓದುತ್ತದೆ ಎಂಬ ಸುದ್ದಿ. ಆಗ ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ, ಬಿಕಾಂ, ಬಿಎಸ್ಸಿ ಎಲ್ಲರ ಬಾಗಿಲ ಮೇಲೂ ಸೀಮೆಸುಣ್ಣದ ಬರಹವಿತ್ತು. ನಮ್ಮ ಮನೆ ಬಾಗಿಲ ಮೇಲೆ ಬರೆಯುವುದಕ್ಕೆ ನಾನು ಒಪ್ಪಲಿಲ್ಲ. ದಿನವಿಡೀ ಕೌಂಟರಿನಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ಮಾತೇ ‘ನಾಳೆ ಬನ್ನಿ’, ಮನೆಗೂ ಅದೇ ಯಾಕೆ ಎಂದು ನಗೆಯಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮಾಕೆ ಬಾಗಿಲ ಹಿಂದುಗಡೆ, ಒಳಗಿನಿಂದ, ಸಣ್ಣಗೆ ಬರೆದಿದ್ದಳು. “ಒಳಗೆ ಬರೆದರೆ ದೆವ್ವ ಹೇಗೆ ಓದುತ್ತದೆ?” ಎಂದರೆ, “ನಾನು ಓದಿಕೊಂಡರೆ ಸಾಕು” ಎಂದಳು.

ನಗುವ ಮಾತು ಇಷ್ಟು. ಇನ್ನು ನನ್ನ ತಪ್ಪೊಪ್ಪಿಗೆ.

ಅತ್ತೆಯ ಗುಮ್ಮನನ್ನು ಕಂಡು ಅಷ್ಟು ನಡುಗಿದ್ದ ನಾನೇ, ನನ್ನ ಮಗಳಿಗೆ ಅದೇ ಗುಮ್ಮನನ್ನು ತೋರಿಸಿದೆ. ಆಗ ಮಲೆನಾಡಿನ ಒಂದು ಶಾಖೆಗೆ ವರ್ಗವಾಗಿತ್ತು. ಬಾಡಿಗೆ ಮನೆ, ಮಳೆ ಶುರುವಾದರೆ ನಾಲ್ಕು ತಿಂಗಳು ಕತ್ತಲೆ. ಬ್ಯಾಂಕಿನಿಂದ ಬರುವ ಹೊತ್ತಿಗೆ ನನಗೆ ತಲೆ ಕೆಟ್ಟಿರುತ್ತಿತ್ತು. ಮಗಳು ನಿದ್ದೆ ಮಾಡಲು ಹಟ ಹಿಡಿದರೆ ಸೌದೆ ಕೋಣೆಯ ಕಡೆ ಕೈ ತೋರಿಸಿ, “ಗುಮ್ಮ ಬರ್ತಾನೆ ನೋಡು” ಎನ್ನುತ್ತಿದ್ದೆ. ಎರಡೇ ನಿಮಿಷದಲ್ಲಿ ಮಲಗುತ್ತಿದ್ದಳು. ಎಷ್ಟು ಸುಲಭದ ಉಪಾಯ! ಆಮೇಲೆ ರಾತ್ರಿ ಎದ್ದು ಅತ್ತರೆ, “ಅಲ್ಲೇನೂ ಇಲ್ಲ, ಸುಮ್ಮನೆ ಮಲಗು” ಎಂದು ಗದರುತ್ತಿದ್ದೆ. ಇದೆ ಎಂದವನೂ ನಾನೇ, ಇಲ್ಲ ಎಂದವನೂ ನಾನೇ. ಆ ಮಗು ಯಾವುದನ್ನು ನಂಬಬೇಕು?

ಕಾರ್ಟೂನ್ ನೋಡಿದ ದಿನ ಸಂಜೆ ಫೋನಿನಲ್ಲಿ ಮಗಳಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪಾ, ನಾನು ಈಗಲೂ ರಾತ್ರಿ ಹೊತ್ತು ಸ್ಟೋರ್ ರೂಮಿನ ಬಾಗಿಲು ತೆಗೆಯಲ್ಲ. ಏನಾದರೂ ಬೇಕಾದರೆ ಇವರಿಗೆ ಹೇಳ್ತೀನಿ. ಯಾಕೆ ಅಂತ ಅವರಿಗೂ ಗೊತ್ತಿಲ್ಲ” ಎಂದಳು. ಅವಳಿಗೆ ಈಗ ನಲವತ್ತು ದಾಟಿದೆ. ಎರಡು ನಿಮಿಷದ ಅನುಕೂಲಕ್ಕೆ ನಾನು ಮಾಡಿದ ಸಾಲ, ಬಡ್ಡಿ ಕಟ್ಟುತ್ತಾ ಬಂದವಳು ಅವಳು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಸ್ಪೇನ್ ದೇಶದಲ್ಲಿ ಗುಮ್ಮನಿಗೆ ‘ಕೋಕೋ’ ಎನ್ನುತ್ತಾರೆ. ಅಲ್ಲಿನ ದೊಡ್ಡ ಚಿತ್ರಕಾರ ಗೋಯಾ 1799ರಲ್ಲಿ ಪ್ರಕಟಿಸಿದ ಚಿತ್ರಮಾಲೆಯಲ್ಲಿ ಕೋಕೋ ಬರುವ ಚಿತ್ರವೊಂದಿದೆ. ಮುಸುಕು ಹೊದ್ದ ಆಕೃತಿಯೊಂದು ನಿಂತಿದೆ, ಮಕ್ಕಳು ಕಿರುಚಿಕೊಂಡು ತಾಯಿಯ ಮಡಿಲಿಗೆ ಬೀಳುತ್ತಿದ್ದಾರೆ. ಇಲ್ಲದ್ದಕ್ಕೆ ಹೆದರುವುದನ್ನು ಕಲಿಸಿ ಮಕ್ಕಳನ್ನು ಬೆಳೆಸುವ ಪದ್ಧತಿಯನ್ನು ಅವನು ಆ ಚಿತ್ರದಲ್ಲಿ ಟೀಕಿಸಿದ. ಇನ್ನೂರು ವರ್ಷಕ್ಕೂ ಹಿಂದೆ ಅವನಿಗೆ ತಿಳಿದದ್ದು, ಬಿಕಾಂ ಓದಿದ ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಹಾಗಾದರೆ ಮಕ್ಕಳಿಗೆ ಹೆದರಿಕೆಯ ಕಥೆಯನ್ನೇ ಹೇಳಬಾರದೇ? ಹಾಗೇನಿಲ್ಲ. ಇದಕ್ಕೆ ಅದೇ ಕಾರ್ಟೂನಿನ ಇನ್ನೊಂದು ಕಥೆ ಕೇಳಿ. ಅದು ತೆರೆಯ ಹಿಂದೆ ನಡೆದದ್ದು. ದೆವ್ವ ಹಿಡಿಯುವವರ ಆಫೀಸಿನಲ್ಲಿ ಜನೀನ್ ಎಂಬ ಹೆಂಗಸು ಫೋನ್ ನೋಡಿಕೊಳ್ಳುತ್ತಾಳೆ. ಕೆಂಪು ಕೂದಲು, ಚೂಪು ಮೂಲೆಯ ಕನ್ನಡಕ, ಅದಕ್ಕಿಂತ ಚೂಪು ನಾಲಿಗೆ. ಕಾರ್ಟೂನ್ ಜನಪ್ರಿಯವಾದ ಮೇಲೆ ಟೀವಿಯವರು ಸಲಹೆಗಾರರನ್ನು ಕರೆಸಿದರು. ಜನೀನಳ ಕನ್ನಡಕದ ಚೂಪು ಮೂಲೆ ಕಂಡು ಮಕ್ಕಳು ಹೆದರುತ್ತಾರೆ, ಗುಂಡಗೆ ಮಾಡಿ ಎಂಬ ಸಲಹೆ ಬಂತು. ಅವಳ ಮಾತನ್ನೂ ಮೆತ್ತಗೆ ಮಾಡಿಸಿದರು. ಕಥೆಗಳ ಉಸ್ತುವಾರಿ ನೋಡುತ್ತಿದ್ದ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಇಂಥ ಬದಲಾವಣೆಗಳನ್ನು ಒಪ್ಪದೆ ಆ ಕೆಲಸ ಬಿಟ್ಟರು. ಮುಂದೆ ಕೆಲವು ಕಂತು ಬರೆಯಲು ವಾಪಸ್ಸು ಬಂದಾಗ, ಜನೀನ್ ಹಾಗೆ ಬದಲಾದದ್ದಕ್ಕೆ ಒಂದು ಮಾಯಾವಿಯೇ ಕಾರಣವೆಂದು ಕಥೆ ಕಟ್ಟಿದರು!

ನಾನು ಪುಟ್ಟನನ್ನು ಕೇಳಿದೆ, “ಇವಳ ಕನ್ನಡಕ ನೋಡಿದರೆ ಭಯ ಆಗುತ್ತಾ?” ಅವನು ನನಗೇ ಏನೋ ಆಗಿದೆ ಎನ್ನುವಂತೆ ನೋಡಿದ. ನೋಡಿ, ಮಕ್ಕಳ ಹೆದರಿಕೆ ಎಲ್ಲಿದೆ ಎಂದು ನಾವು ದೊಡ್ಡವರು ಹುಡುಕುವ ರೀತಿಯೇ ಹೀಗೆ. ಕನ್ನಡಕದ ಮೂಲೆ ತೇಯುತ್ತೇವೆ, ಕಾರ್ಟೂನ್ ನಿಲ್ಲಿಸುತ್ತೇವೆ. ಮಗು ಹೆದರಿರುವುದು ಉಗ್ರಾಣದ ಬಾಗಿಲ ಒಂದು ಅಂಗುಲ ಸಂದಿಗೆ. ಅದನ್ನು ಅವನನ್ನೇ ಕೇಳಬೇಕಲ್ಲವೇ?

ಆ ರಾತ್ರಿ ಮತ್ತೆ ಎರಡು ಗಂಟೆಗೆ “ತಾತಾ” ಬಂತು. ಎದ್ದೆ. ಹೋಗುವಾಗ ಅವನು ಕೇಳಿದ, “ತಾತಾ, ನಿನಗೆ ಈಗ ಭಯ ಆಗಲ್ವಾ?”

“ಇಲ್ಲಪ್ಪಾ. ಈ ವಯಸ್ಸಿನಲ್ಲಿ ಎಂಥ ಭಯ!”

“ಮತ್ತೆ ಹಾಲ್‌ನಲ್ಲಿ ರಾತ್ರಿಯೆಲ್ಲ ಲೈಟ್ ಯಾಕೆ ಹಾಕಿರ್ತೀಯ?”

ಮಗಳು ಅದನ್ನು ಕೇಳಿದ್ದಾಗ, ಕಣ್ಣು ಸರಿಯಾಗಿ ಕಾಣುವುದಿಲ್ಲ, ಎಡವಿ ಬಿದ್ದರೆ ಕಷ್ಟ ಎಂದಿದ್ದೆ. ಪುಟ್ಟನಿಗೂ ಅದನ್ನೇ ಹೇಳಬಹುದಾಗಿತ್ತು. ಆದರೆ ಹಗಲೆಲ್ಲ ಈಗನ್‌ನನ್ನು ನೋಡಿದ್ದೆನಲ್ಲ. ಆ ಅಕ್ಕ ತಮ್ಮನಿಗೆ ಅವನು ‘ಬೂಗಿಮ್ಯಾನ್ ಅನ್ನುವವನೇ ಇಲ್ಲ, ಹೋಗಿ ಮಲಗಿ’ ಎನ್ನಲಿಲ್ಲ. ಅವನು ನನಗೂ ಗೊತ್ತು, ನಾನೂ ಹೆದರಿದ್ದೆ ಎಂದ. ಅಷ್ಟಕ್ಕೇ ಆ ಮಕ್ಕಳಿಗೆ ಅರ್ಧ ಧೈರ್ಯ ಬಂದಿತ್ತು.

ಹಾಗಾಗಿ ನಿಜ ಹೇಳಿದೆ. ನಿಮ್ಮ ಅಜ್ಜಿ ಇದ್ದಾಗ ಬೆಳಗಿನ ಜಾವ ನಾಲ್ಕೂವರೆಗೇ ಏಳುತ್ತಿದ್ದಳು, ಹಾಲಿನ ದೀಪ ಹಾಕುತ್ತಿದ್ದಳು, ನನ್ನ ಕೋಣೆಯ ಬಾಗಿಲಡಿಯಲ್ಲಿ ಬೆಳಕಿನ ಗೆರೆ ಕಾಣುತ್ತಿತ್ತು, ಅದನ್ನು ನೋಡಿ ನಾನು ಇನ್ನೊಂದು ಮಗ್ಗುಲಿಗೆ ತಿರುಗಿ ಮಲಗುತ್ತಿದ್ದೆ. ಅವಳು ಹೋಗಿ ಮೂರು ವರ್ಷವಾಯಿತು. ರಾತ್ರಿ ಎಚ್ಚರವಾದಾಗ ಆ ಗೆರೆ ಕಾಣದಿದ್ದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ದೀಪ ಆರಿಸುವುದಿಲ್ಲ. ನನ್ನದೂ ಭಯವೇ ಕಣೋ.

ಪುಟ್ಟ ಏನೂ ಹೇಳಲಿಲ್ಲ. ಬಚ್ಚಲಿನಿಂದ ವಾಪಸ್ಸು ಬರುವಾಗ ತಾನೇ ಉಗ್ರಾಣದ ಕಡೆಗೆ ಬಂದು, ನನ್ನನ್ನು ಗೋಡೆಯ ಕಡೆಗೆ ಬಿಟ್ಟ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದ.

ಮಾರನೇ ದಿನ ಇಬ್ಬರೂ ಸೇರಿ ಉಗ್ರಾಣದ ತಪಾಸಣೆಗೆ ಕೂತೆವು. ಬ್ಯಾಂಕಿನ ಕ್ರಮದಲ್ಲೇ. ಒಂದು ಹಾಳೆಯಲ್ಲಿ ಎರಡು ಕಾಲಂ. ಎಡಗಡೆ ‘ರಾತ್ರಿ ಕಂಡದ್ದು’, ಬಲಗಡೆ ‘ಇರುವುದು’. ಎಡಗಡೆ: ಉದ್ದ ಕೈ. ಬಲಗಡೆ: ಮೊಳೆಗೆ ನೇತುಹಾಕಿದ ನನ್ನ ಮಲೆನಾಡಿನ ಕಾಲದ ರೇನ್‌ಕೋಟು. ಎಡಗಡೆ: ಹಲ್ಲು. ಬಲಗಡೆ: ತುರಿಯುವ ಮಣೆ. ಎಡಗಡೆ: ಲೊಚಗುಡುವ ಸದ್ದು. ಬಲಗಡೆ: ಹಲ್ಲಿ, ಒಂದು. ಜೊತೆಗೆ ಉಪ್ಪಿನಕಾಯಿ ಜಾಡಿ ನಾಲ್ಕು, ಹಿತ್ತಾಳೆ ಹಂಡೆ ಒಂದು, ಅಜ್ಜಿಯ ಹೊಲಿಗೆ ಮೆಷಿನ್ ಒಂದು. ಪುಟ್ಟ ಕೆಳಗೆ ಸಹಿ ಹಾಕಿದ, ನಾನು ಮೇಲು ಸಹಿ ಹಾಕಿದೆ. ರಾತ್ರಿ ಊಟವಾದ ಮೇಲೆ ದೀಪ ಆರಿಸಿ, ಟಾರ್ಚ್ ಹಿಡಿದು, ಅದೇ ಹಾಳೆ ನೋಡಿಕೊಂಡು ಇನ್ನೊಮ್ಮೆ ತಾಳೆ ಮಾಡಿದೆವು. ಎಲ್ಲ ಸರಿಯಿತ್ತು. ಹಲ್ಲಿ ಮಾತ್ರ ಕಡಿಮೆ ಬಂತು.

ಹೆದರಿಕೆ ಅವತ್ತೇ ಓಡಿಹೋಯಿತು ಎಂದರೆ ಸುಳ್ಳಾಗುತ್ತದೆ. ಕಾರ್ಟೂನಿನಲ್ಲೂ ಬೂಗಿಮ್ಯಾನ್ ಸಾಯುವುದಿಲ್ಲ. ಅವನನ್ನು ಅವನ ಲೋಕದಲ್ಲೇ ಕೂಡಿ ಬಾಗಿಲು ಮುಚ್ಚುತ್ತಾರೆ, ಅಷ್ಟೆ. ಮುಂದಿನ ಇನ್ನೊಂದು ಕಂತಿನಲ್ಲಿ, ಈಗನ್ ಎತ್ತರದಿಂದ ಬೀಳುವುದರಲ್ಲಿ ಪಾರಾಗಿ ಒಳಗೊಳಗೇ ನಡುಗಿಹೋಗಿದ್ದಾಗ, ಅವನು ಮತ್ತೆ ಬರುತ್ತಾನೆ. ಬರೆದವರಿಗೆ ಹೆದರಿಕೆಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಪುಟ್ಟ ರಜೆ ಮುಗಿಯುವ ಹೊತ್ತಿಗೆ ಬಚ್ಚಲಿಗೆ ಒಬ್ಬನೇ ಹೋಗುವಂತಾದ. ಆದರೆ ಓಡಿಕೊಂಡು ಹೋಗಿ, ಓಡಿಕೊಂಡು ಬರುತ್ತಿದ್ದ. ಅಷ್ಟು ಸಾಕು.

ಅಜ್ಜ ಅಜ್ಜಿಯರೇ, ನಿಮ್ಮಲ್ಲಿ ಒಂದು ವಿನಂತಿ. ಮೊಮ್ಮಕ್ಕಳಿಗೆ ದೆವ್ವದ ಕಥೆ ಧಾರಾಳವಾಗಿ ಹೇಳಿ. ಕಥೆಯಲ್ಲಿ ದೆವ್ವ ಬರುತ್ತದೆ, ಕೊನೆಯಲ್ಲಿ ಸೋಲುತ್ತದೆ, ಮಗು ನಿಮ್ಮ ತೊಡೆಯ ಮೇಲೆ ಕೂತಿರುತ್ತದೆ. ತುತ್ತು ನುಂಗಿಸುವುದಕ್ಕೆ, ಮಲಗಿಸುವುದಕ್ಕೆ ಮಾತ್ರ ಗುಮ್ಮನನ್ನು ಕರೆಯಬೇಡಿ. ಕರೆಯುವುದು ಸುಲಭ, ಕಳಿಸುವುದು ನಮ್ಮ ಕೈಯಲ್ಲಿಲ್ಲ. ಮಗು ಹೆದರಿ ಬಂದರೆ ‘ಏನೂ ಇಲ್ಲ’ ಎನ್ನುವ ಮೊದಲು ‘ಎಲ್ಲಿ? ಬಾ, ಇಬ್ಬರೂ ನೋಡೋಣ’ ಎನ್ನಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ಹಾಳೆಯಲ್ಲಿ ಎರಡು ಕಾಲಂ ಹಾಕಿ, ರಾತ್ರಿ ಕಂಡದ್ದು ಒಂದು ಕಡೆ, ಹಗಲಿನಲ್ಲಿ ಇರುವುದು ಇನ್ನೊಂದು ಕಡೆ ಬರೆಯಿರಿ. ಒಬ್ಬರೇ ಹೋಗಿ ನೋಡಬೇಡಿ, ದೊಡ್ಡವರೊಬ್ಬರನ್ನು ಕರೆದುಕೊಂಡು ಹೋಗಿ. ಆಮೇಲೆ ಅವರನ್ನೇ ಕೇಳಿ, ‘ನಿಮಗೆ ಯಾವುದು ಕಂಡರೆ ಭಯ?’ ಎಂದು. ಮೊದಲು ‘ಯಾವುದೂ ಇಲ್ಲ’ ಎನ್ನುತ್ತಾರೆ. ಇನ್ನೊಂದು ಸಲ ಕೇಳಿ.

ಪುಟ್ಟ ಬೆಂಗಳೂರಿಗೆ ಹೋದ ಮೇಲೆ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾನೆ. “ತಾತಾ, ಲೈಟ್ ಆರಿಸಿದ್ಯಾ?”

“ಇಲ್ಲ ಕಣೋ, ಇವತ್ತೂ ಆಗಲಿಲ್ಲ” ಎನ್ನುತ್ತೇನೆ.

“ಪರವಾಗಿಲ್ಲ ತಾತ. ನಾನೂ ಇವತ್ತು ಓಡಿಕೊಂಡೇ ಹೋದೆ” ಎನ್ನುತ್ತಾನೆ.

ಮುಂದಿನ ವಾರ ಸಿಗೋಣ.